ಕೌದಿಯ ನಾಲ್ಕನೇ ಮೂಲೆ

ಮೊನ್ನೆ ಸಾಗರದ ಸಂತೆಯಲ್ಲಿ ಒಬ್ಬಾಕೆ ಅಂಟುವಾಳಕಾಯಿ ರಾಶಿ ಹಾಕಿಕೊಂಡು ಕೂತಿದ್ದಳು. ನನಗೆ ಬೇಕಿತ್ತೆಂದಲ್ಲ, ಸುಮ್ಮನೆ ಚೌಕಾಸಿ ಮಾಡಿ ಒಂದು ಪೊಟ್ಟಣ ತಂದೆ. ಮನೆಗೆ ಬಂದು ಬಿಸಿನೀರಿಗೆ ಹಾಕಿ ಕಿವುಚಿದ್ದೇ ತಡ, ಆ ವಾಸನೆ ಮೂಗಿಗೆ ಬಡಿಯಿತು. ತೀರ್ಥಹಳ್ಳಿಯ ನಮ್ಮ ಬಾಡಿಗೆ ಮನೆಯ ಹಿತ್ತಲು, ಅಲ್ಲಿನ ಒಗೆಯುವ ಕಲ್ಲು, ಸೆರಗು ಸಿಕ್ಕಿಸಿಕೊಂಡು ಅದರ ಮುಂದೆ ನಿಂತಿದ್ದ ಪಕ್ಕದ ಮನೆ ಅಕ್ಕ... ಎಲ್ಲ ಒಟ್ಟಿಗೇ ಬಂದುಬಿಟ್ಟವು. ಪೆಟ್ಟಿಗೆಯಿಂದ ಅವರು ಹೊಲಿದುಕೊಟ್ಟ ಕೌದಿ ತೆಗೆದು ನೆನೆಹಾಕಿದೆ. ಕೌದಿಗೆ ಸೋಪಿನ ಪುಡಿ ಹಾಕಿದರೆ ಅಕ್ಕನಿಗೆ ಆಗುತ್ತಿರಲಿಲ್ಲ.

ಅವರಿಗೆ ಕೌದಿ ಹೊಲಿಯುವುದು ಕಸುಬಲ್ಲ, ಹುಚ್ಚು. ಮಾರ್ತೀರಾ ಅಂತ ಯಾರಾದರೂ ಕೇಳಿದರೆ ಮುಖ ಊದಿಸಿಕೊಳ್ಳುತ್ತಿದ್ದರು. ಹೊಸನಗರದ ತಂಗಿಯ ಮನೆಗೆ ಖಾಲಿ ಚೀಲ ಹಿಡಿದು ಹೋದರೆ, ಬರುವಾಗ ಹಳೇ ಸೀರೆ, ಲುಂಗಿ, ದಿಂಬಿನ ಚೀಲ ತುಂಬಿಕೊಂಡು ಬರುವರು. ಕೋಣಂದೂರಿನ ಟೈಲರ್ ಒಬ್ಬರು ಇವರಿಗೆಂದೇ ಚಿಂದಿ ಎತ್ತಿಡುತ್ತಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಏಜೆಂಟರಾಗಿದ್ದ ಭಾವ, ಅಂದರೆ ಅಕ್ಕನ ಗಂಡ, ರೇಗಿಸುತ್ತಿದ್ದರು: "ಇವಳಿಗೊಂದು ಟಿಕೆಟ್ಟು, ಇವಳ ಗಂಟಿಗೊಂದು ಟಿಕೆಟ್ಟು."

ಆ ಹುಚ್ಚಿನಿಂದ ಮನೆಯವರು ಪಟ್ಟ ಪಾಡೇನೂ ಕಡಿಮೆಯಲ್ಲ. ಚಾಪೆಯ ಮೇಲೆ ಕೂರುವ ಮೊದಲು ಸೂಜಿ ಇದೆಯಾ ಅಂತ ಕೈಯಾಡಿಸಿ ನೋಡಬೇಕು. ಹೊಲಿಗೆ ಹಿಡಿದರೆಂದರೆ ಒಲೆಯ ಮೇಲಿನ ಸಾರು ಬತ್ತಿ ತಳ ಹಿಡಿಯಬೇಕು. ಹಳೇ ಬಟ್ಟೆಯ ಧೂಳಿಗೆ ಭಾವನಿಗೆ ಸೀನೋ ಸೀನು. ಅಕ್ಕನ ಬೆರಳ ತುದಿಯಂತೂ ಚುಚ್ಚಿ ಚುಚ್ಚಿ ಒರಟಾಗಿ, ನನ್ನ ಕೆನ್ನೆ ಸವರಿದರೆ ತರಚುತ್ತಿತ್ತು. ಕತ್ತು ನೋವು ಅಂತ ನರಳುವರು, ಎಣ್ಣೆ ಹಚ್ಚಿಸಿಕೊಳ್ಳುವರು, ಮತ್ತೆ ಅದೇ ಕತ್ತು ಬಗ್ಗಿಸಿ ಕೂರುವರು.

ಆದರೆ ಆ ಸುಖ! ಮಧ್ಯಾಹ್ನದ ಕೆಲಸ ಮುಗಿಸಿ ನಾನೂ ಹೋಗಿ ಕೂರುತ್ತಿದ್ದೆ. ಸೂಜಿಗೆ ದಾರ ಪೋಣಿಸುವುದರಿಂದ ಹಿಡಿದು ಎಲ್ಲ ಅವರೇ ಕಲಿಸಿದ್ದು. ಕೆಳಗೆ ಹಳೇ ಸೀರೆ ಹಾಸಿ, ಮೇಲೆ ತುಂಡು ಜೋಡಿಸಿ, ಅಂಚಿನಿಂದ ಸುತ್ತಿಕೊಂಡು ನಡುವಿನವರೆಗೆ ಹೊಲಿಯುತ್ತಾ ಹೋಗುವುದು. ಒಂದೊಂದು ತುಂಡಿಗೂ ಒಂದೊಂದು ಸುದ್ದಿ. ಇದು ನಮ್ಮಮ್ಮಂದು, ಇದು ಮದುವೆಗೆ ಮುಂಚೆ ಉಟ್ಟಿದ್ದು, ಇದು ನಿನ್ನ ಮಗಳ ಲಂಗ. ಕೊನೆಗೆ ನಾಲ್ಕೂ ಮೂಲೆಗೆ ಬಟ್ಟೆಯ ತುಂಡನ್ನು ತ್ರಿಕೋನವಾಗಿ ಮಡಚಿ ಹೊಲಿಯುವರು. ಅದಕ್ಕೆ ಹೂ ಅನ್ನುತ್ತಿದ್ದರು.

"ಮೂಲೆಗೆ ಹೂ ಇಲ್ದಿದ್ರೆ ಬೋಳು ಕೌದಿ ಕಣೆ. ಬೋಳು ಕೌದಿ ಕೊಟ್ಟು ಯಾರನ್ನೂ ಕಳಿಸಬಾರ್ದು."

ನನ್ನ ಗಂಡನಿಗೆ ಸಾಗರಕ್ಕೆ ವರ್ಗವಾಗುತ್ತದೆಂಬ ಸುದ್ದಿ ಬಂದಾಗ ಅಕ್ಕ ನನಗೊಂದು ಕೌದಿ ಶುರು ಮಾಡಿದರು. ಆ ಹೊತ್ತಿಗೇ ಅವರ ತಲೆಯಲ್ಲಿ ಏನೋ ತಪ್ಪತೊಡಗಿತ್ತು. ಮೊದಲು ಭಾವನ ಹೊಸ ಪಂಚೆ ಕತ್ತರಿಸಿದರು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಹಗ್ಗದ ಮೇಲಿದ್ದ ನನ್ನ ಮಗಳ ಯೂನಿಫಾರ್ಮು. ಆಗಲೂ ನಕ್ಕೆವು, ಸ್ವಲ್ಪ ಕಡಿಮೆ. ಕೊನೆಗೆ ಎದುರುಮನೆ ಹುಡುಗಿಯ ನಿಶ್ಚಿತಾರ್ಥದ ಸೀರೆ. ಬಿಸಿಲಿಗೆ ಹಾಕಿದ್ದನ್ನು ಎಳೆದು ನಡುಮಧ್ಯಕ್ಕೇ ಕತ್ತರಿ ಇಟ್ಟಿದ್ದರು. ಬೀದಿಗೆ ಬೀದಿಯೇ ಕೂಗಾಡುತ್ತಿದ್ದರೆ ಅಕ್ಕ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಹಳೇದಲ್ವನೇ ಇದು?"

ಶಿವಮೊಗ್ಗದ ಡಾಕ್ಟರು ಮರೆವಿನ ಕಾಯಿಲೆ ಅಂದರು, ಗುಳಿಗೆ ಬರೆದರು, ಇದು ವಾಸಿಯಾಗುವಂಥದ್ದಲ್ಲ ಅಂತಲೂ ಹೇಳಿದರು. ಭಾವ ಕತ್ತರಿ ಕಸಿಯಲು ಹೋದ ದಿನ ಎಳೆದಾಟದಲ್ಲಿ ಅಕ್ಕನ ಅಂಗೈ ಕೊಯ್ದು ಹೊಲಿಗೆ ಬಿತ್ತು. ಮಾರನೇ ದಿನ ಭಾವ ಕತ್ತರಿಯನ್ನು ಪೇಪರಿನಲ್ಲಿ ಸುತ್ತಿಕೊಂಡು ನಮ್ಮನೆಗೆ ಬಂದರು.

"ನಿಮ್ಮನೇಲಿ ಇಟ್ಕ ಮಾರಾಯ್ತಿ. ನಮ್ಮನೇಲಿ ಎಲ್ಲಿ ಇಟ್ರೂ ಹುಡುಕ್ತಾಳೆ" ಅಂದವರು ನನ್ನ ಮುಖ ನೋಡದೆ ಹೊರಟುಹೋದರು. ನಾನು ಅದನ್ನು ಅಕ್ಕಿ ಡಬ್ಬಿಯೊಳಗೆ ಹುಗಿದಿಟ್ಟೆ.

ಒಂದು ಮಧ್ಯಾಹ್ನ ಅಕ್ಕ ನಮ್ಮ ಅಡುಗೆಮನೆಗೇ ಬಂದರು. ಕೈಗೆ ಪಟ್ಟಿ, ಹೆಗಲ ಮೇಲೆ ನನ್ನ ಕೌದಿ.

"ನಮ್ಮನೆ ಕತ್ರಿ ಕಾಣ್ತಿಲ್ಲ ಕಣೆ. ನಿಂದು ಕೊಡ್ತೀಯಾ? ಮೂರು ಮೂಲೆ ಆತು. ಒಂದು ಹೂ ಕತ್ತರಿಸಿದ್ರೆ ಮುಗೀತು. ನಿಂಗೇ ಅಲ್ದಾ ಇದು?"

ಅಕ್ಕಿ ಡಬ್ಬಿಗೇ ಒರಗಿ ನಿಂತಿದ್ದರು, ಪುಣ್ಯಾತ್ಗಿತ್ತಿ. ಆ ಹೊತ್ತಿನಲ್ಲಿ ಅವರಿಗೆ ಎಲ್ಲ ನೆನಪಿತ್ತು. ನಾನು ಯಾರು, ಕೌದಿ ಯಾರದು, ಯಾವ ಮೂಲೆ ಬಾಕಿ... ಎಲ್ಲ. ಕೊಟ್ಟುಬಿಡಲೇ ಅನ್ನಿಸಿತು. ಆ ಅಂಗೈ ನೋಡಿದೆ.

"ನಮ್ಮನೇಲೂ ಇಲ್ಲ ಅಕ್ಕಾ."

"ಕತ್ರಿ ಇಲ್ದೇ ಇರೋ ಮನೆ ಇರ್ತದನೇ?" ಅಂದರು. ಸಿಟ್ಟಿನಿಂದಲ್ಲ, ಪಾಪ, ಆಶ್ಚರ್ಯದಿಂದ. ಬಟ್ಟೆಯ ತುಂಡೊಂದನ್ನು ಹಲ್ಲಿನಲ್ಲಿ ಕಚ್ಚಿ ಹರಿಯಲು ನೋಡಿದರು. ಆಗಲಿಲ್ಲ. ಹೋದರು.

ಸಂಕಟ ತಡೆಯಲಾಗಲಿಲ್ಲ. ಮರುದಿನ ನಾನೇ ಬಾಗಿಲು ಹಾಕಿಕೊಂಡು, ಅವರದೇ ಕತ್ತರಿಯಲ್ಲಿ ನನ್ನ ಹಳೇ ಸೀರೆಯಿಂದ ಒಂದು ಚೌಕ ಕತ್ತರಿಸಿದೆ. ತ್ರಿಕೋನ ಮಡಚಿ, ಸೂಜಿಗೆ ದಾರ ಪೋಣಿಸಿ ಅವರ ಮುಂದೆ ಹಿಡಿದೆ. ಅಕ್ಕ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಚೆನಾಗಿ ಮಡಚಿದೀಯ. ಕೌದಿ ಹೊಲಿಯಕ್ಕೆ ನಿಂಗೆ ಯಾರು ಕಲಿಸಿದ್ರು?"

ನೀವೇ ಅಕ್ಕಾ ಅಂತ ಹೇಳುವಷ್ಟರಲ್ಲಿ ಅವರು ಆ ಹೂವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ಒಂದೇ ಒಂದು ದಿನ ತಡವಾಗಿತ್ತು. ಆಮೇಲೆ ಅವರು ಸೂಜಿ ಹಿಡಿಯಲಿಲ್ಲ. ಬರಿಗೈಯಲ್ಲೇ ಮಡಿಲ ಮೇಲೆ ಹೊಲಿಯುವವರ ಹಾಗೆ ಬೆರಳಾಡಿಸುತ್ತಿದ್ದರು. ಯಾರು ಏನು ಮಾಡಬಹುದಿತ್ತು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಏನೂ ಮಾಡುವ ಹಾಗಿರಲಿಲ್ಲ. ಅದೇ ನನಗೆ ಇವತ್ತಿಗೂ ಅರಗದ ಸಂಗತಿ.

ಮಳೆಗಾಲ ಮುಗಿಯುವಷ್ಟರಲ್ಲಿ ಅಕ್ಕ ಹೋದರು. ನಾವು ಸಾಗರಕ್ಕೆ ಸಾಮಾನು ಕಟ್ಟುವಾಗ, ಕತ್ತರಿ ಕೊಟ್ಟುಬರೋಣವೆಂದು ಪಕ್ಕದ ಮನೆಗೆ ಹೋದೆ. ಭಾವ ಅದನ್ನು ಬಿಡಿಸಿ ನೋಡಿ, ಮತ್ತೆ ಅದೇ ಪೇಪರಿನಲ್ಲಿ ಸುತ್ತಿದರು.

"ಕೊನೆಗೆ ಅವಳ ಕೈಗೆ ಕೊಟ್ಟಿದ್ರೂ ಯಾರಿಗೂ ಎಂತದೂ ಆಗ್ತಿರ್ಲಿಲ್ಲ, ಅಲ್ದಾ?" ಅಂದರು. ಒಳಗಿಂದ ಕೌದಿ ತಂದು ಅದರ ಮೇಲಿಟ್ಟು ಎರಡನ್ನೂ ನನಗೇ ಕೊಟ್ಟರು. "ನಿಂಗಂತಾನೇ ಹೊಲ್ದಿದ್ದು. ತಗಂಡ್ಹೋಗು. ಒಂದು ಮೂಲೆ ಬೋಳು, ಬೇಜಾರು ಮಾಡ್ಕಬೇಡ."

ಒದ್ದೆ ಕೌದಿಯ ಭಾರ ಗೊತ್ತಿದ್ದವರಿಗೇ ಗೊತ್ತು. ಮೊನ್ನೆ ಒಂದು ತುದಿ ನಾನು, ಇನ್ನೊಂದು ತುದಿ ಮಗಳು ಹಿಡಿದು ಹಿಂಡಿದೆವು. ಹಗ್ಗಕ್ಕೆ ಹಾಕುವಾಗ ಅವಳ ಕಣ್ಣು ಆ ಮೂಲೆಗೆ ಬಿತ್ತು.

"ಇದೊಂದು ಹಾಕಿಬಿಡಮ್ಮಾ. ನಿಂಗೆ ಬರ್ತದಲ್ಲ."

ಬರುತ್ತದೆ. ಬಟ್ಟೆಯೂ ತೆಗೆದೆ, ಕತ್ತರಿಯನ್ನೂ ತೆಗೆದೆ. ತ್ರಿಕೋನ ಮಡಚಿ ಮೂಲೆಗೆ ಇಟ್ಟೂ ನೋಡಿದೆ... ಹೊಲಿಯಲು ಕೈ ಬರಲಿಲ್ಲ. ಹೂವನ್ನು ಎತ್ತಿ ಪಕ್ಕಕ್ಕಿಟ್ಟೆ. ಕತ್ತರಿಯನ್ನು ಮಾತ್ರ ಮತ್ತೆ ಒಳಗಿಡಲಿಲ್ಲ. ಅಡುಗೆಮನೆಯ ಕಿಟಕಿಯಲ್ಲೇ ಇದೆ, ಯಾರ ಕೈಗೂ ಎಟುಕುವ ಹಾಗೆ. ಕೇಳಿಕೊಂಡು ಬರುವವರು ಇಲ್ಲ.