ಬಿತ್ತನೆ ಗೂಡಿಗೆ ಹುಡುಕಿದ ಗಾಡಿ

ನನ್ನ ಪದವಿ ವಾಣಿಜ್ಯಶಾಸ್ತ್ರದ್ದು. ವಾಹನಗಳ ವಿಷಯವನ್ನು ನಾನು ಓದಿದವಳಲ್ಲ. ಆದ್ದರಿಂದ ಇಲ್ಲಿ ಬಿಡಿಭಾಗಗಳ ಹೆಸರು ತಪ್ಪಿದ್ದರೆ, ಭಯದಲ್ಲಿ ಕಂಡದ್ದು ಹಿಗ್ಗಿ ಕಾಣಿಸಿದ್ದರೆ, ತಿಳಿದವರು ಮನ್ನಿಸಬೇಕು. ನಡೆದದ್ದನ್ನು ಮಾತ್ರ ಬದಲಿಸಿಲ್ಲ.

ನಮ್ಮ ಮನೆ ಜಂಗಮಕೋಟೆಯ ಬಳಿ. ಅಮ್ಮ ಮದುವೆಯಾಗಿ ಬಂದಾಗಿನಿಂದ ರೇಷ್ಮೆಹುಳು ಸಾಕಿದ್ದರೂ ನೂಲು ತೆಗೆಯುವ ಗೂಡನ್ನಷ್ಟೇ ಬೆಳೆದಿದ್ದಳು. ಕಳೆದ ವರ್ಷ ಮೊದಲ ಬಾರಿಗೆ ಬಿತ್ತನೆ ಗೂಡು ಬೆಳೆಯುವ ಅವಕಾಶ ಸಿಕ್ಕಿತು. ಬಿತ್ತನೆ ಗೂಡಿನೊಳಗಿನ ಹುಳು ಬದುಕಿರಬೇಕು. ಅದು ಚಿಟ್ಟೆಯಾಗಿ ಹೊರಬಂದು ಮೊಟ್ಟೆ ಇಟ್ಟರೆ ಮಾತ್ರ ಬೆಳೆ ಸಾರ್ಥಕ. ದಾರಿಯ ಕುಲುಕಾಟಕ್ಕೆ ಹುಳು ಸತ್ತರೆ ಗೂಡನ್ನು ತೆಗೆದುಕೊಳ್ಳುವುದಿಲ್ಲ, ಇನ್ನೊಮ್ಮೆ ಬೆಳೆಯಲು ಕೊಡುವುದೂ ಇಲ್ಲ ಎಂದು ಮೊಟ್ಟೆ ತಯಾರಿಸುವ ಕೇಂದ್ರದವರು ಮೊದಲೇ ತಿಳಿಸಿದ್ದರು. ಆ ಕೇಂದ್ರ ಗೌರಿಬಿದನೂರಿನ ಆಚೆ ಇತ್ತು. ಮನೆಯಲ್ಲಿ ಕಾಲೇಜು ಓದಿದವಳು ನಾನೊಬ್ಬಳೇ ಆದ್ದರಿಂದ ಗಾಡಿ ಗೊತ್ತುಮಾಡುವ ಹೊಣೆ ನನ್ನ ಮೇಲೆ ಬಿತ್ತು.

ಕುಲುಕಾಟ ತಗ್ಗಲೆಂದು ಕೆಲವರು ಪಿಕಪ್ಪಿನ ಹಿಂದಿನ ಚಕ್ರಗಳ ಮೇಲೆ ದಪ್ಪ ರಬ್ಬರಿನ ಗಾಳಿ ಬೆಲೂನು ಹಾಕಿಸಿರುತ್ತಾರೆ; ಅದೇ ಏರ್ ಸಸ್ಪೆನ್ಷನ್. ಅಂಥ ಎರಡು ದೊಡ್ಡ ಪಿಕಪ್ಪುಗಳು ಸಿಕ್ಕವು. ಒಂದು ಚಿಂತಾಮಣಿಯದು, ಹೊಸದು. ಇನ್ನೊಂದು ಶಿಡ್ಲಘಟ್ಟದ ಒಬ್ಬ ಸಾಬರದು, ಹಳೆಯದು. ಹೊಸ ಗಾಡಿಯ ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ನೀರಿನ ಚೊಂಬು ಇಟ್ಟುಕೊಂಡು ಒಂದು ಸುತ್ತು ಹೋಗಿ ಬಂದೆ. ಒಂದು ಹನಿಯೂ ಚೆಲ್ಲಲಿಲ್ಲ.

ಅಮ್ಮ ನಕ್ಕಳು. "ಗೂಡು ನಿನ್ ಪಕ್ಕದ್ ಸೀಟಲ್ಲಿ ಕಾಲ್ ಮೇಲ್ ಕಾಲ್ ಹಾಕ್ಕೊಂಡು ಬರ್ತದೇನೇ? ಹಿಂದುಗಡೆ ಹತ್ತಿ ಕೂತ್ಕೊಂಡು ನೋಡು."

ಹಿಂದೆ ಕುಳಿತು ನೋಡಿದಾಗ ಲೆಕ್ಕ ತಲೆಕೆಳಗಾಯಿತು. ಹೊಸ ಗಾಡಿ ಪ್ರತಿ ಹಂಪಿನಲ್ಲೂ ನನ್ನನ್ನು ಎತ್ತಿ ಕುಕ್ಕಿತು. ಚೊಂಬಿನಲ್ಲಿ ಅರ್ಧ ನೀರೂ ಉಳಿಯಲಿಲ್ಲ. ಹಳೆಯದು ತೊಟ್ಟಿಲಿನಂತೆ ತೂಗಿತು. ಹಳೆಯದನ್ನೇ ಒಪ್ಪಿದೆ.

ಹೊರಡುವ ಬೆಳಿಗ್ಗೆ ಗೂಡಿನ ಬುಟ್ಟಿಗಳನ್ನು ಇಟ್ಟಮೇಲೆ ಗಾಡಿಯ ಹಿಂಭಾಗ ತಗ್ಗಿದಂತೆ ಕಂಡಿತು. ನಮ್ಮ ಮನೆಯಲ್ಲಿ ಕಂಡದ್ದು ಮೊಪೆಡ್ಡು ಮತ್ತು ಟ್ರ್ಯಾಕ್ಟರ್ ಮಾತ್ರ. ಚಕ್ರ ತಗ್ಗಿದರೆ ಗಾಳಿ ಹೊಡೆಸಬೇಕೆಂಬುದಷ್ಟೇ ನಮಗೆ ಗೊತ್ತು.

"ಭಾಯ್, ಬೆಲೂನಿಗೆ ಪೂರ್ತಿ ಗಾಳಿ ತುಂಬ್ಸಿ," ಎಂದೆ ಗಾಡಿ ಓಡಿಸಲು ಬಂದಿದ್ದ ಸಾಬರಿಗೆ.

"ಬೇಡ ಅಮ್ಮಾ, ಇದು ಟಯರ್ ಅಲ್ಲ. ಬೇಕಂತ್ಲೇ ಕಮ್ಮಿ ಮಾಡಿದ್ದೀನಿ. ಗೂಡು ಹೂವಿನಂಗೆ, ಭಾರಾನೇ ಇಲ್ಲ. ಗಾಳಿ ಜಾಸ್ತಿ ಆದ್ರೆ ಗಾಡಿ ಕಲ್ಲಾಗೋಗ್ತದೆ."

"ದಾರೀಲಿ ತಳ ತಾಗಿದ್ರೆ ಯಾರು ಜವಾಬ್ದಾರಿ?"

ಅವರು ಅಮ್ಮನ ಮುಖ ನೋಡಿದರು. ಅಮ್ಮ ಅಂದಳು: "ಅವಳು ಓದಿರೋಳು ಕಣಪ್ಪ. ಹೇಳ್ದಂಗೆ ಮಾಡು."

ಅವರು ಗಾಳಿ ತುಂಬಿಸಿದರು.

ಅಮ್ಮ ಬುಟ್ಟಿಗಳ ಜೊತೆ ಹಿಂದೆ ಕುಳಿತಳು, ನಾನು ಮುಂದೆ. ಚಿಕ್ಕಬಳ್ಳಾಪುರದವರೆಗೆ ರಸ್ತೆ ನುಣುಪಾಗಿತ್ತು. ಮಂಚೇನಹಳ್ಳಿಗೆ ಮುಂಚೆ ಒಂದು ಕಡೆ ರಸ್ತೆ ಅಗೆದು ಜಲ್ಲಿ ಹಾಕಿದ್ದರು. ಅಲ್ಲಿ ಗಾಡಿಯ ಹಿಂಭಾಗ ಡಬ ಡಬ ಎಂದು ಎಗರತೊಡಗಿತು. ಒಂದೊಂದು ಏಟೂ ನನ್ನ ಎದೆಗೇ ಬಿದ್ದಂತಾಗುತ್ತಿತ್ತು. ಆದರೂ ನಿಲ್ಲಿಸಿ ಎನ್ನಲು ಬಾಯಿ ಬರಲಿಲ್ಲ. ನಿಲ್ಲಿಸಿದರೆ ತಪ್ಪು ನನ್ನದೆಂದು ಒಪ್ಪಿದಂತೆ. ಕೊನೆಗೆ ಅಮ್ಮನೇ ಕ್ಯಾಬಿನ್ನಿನ ಹಿಂದಿನ ತಗಡನ್ನು ಎರಡೂ ಕೈಯಿಂದ ಬಡಿದಳು.

ನಾವು ಇಳಿದು ಹೋದಾಗ ಅವಳು ಒಂದು ಗೂಡನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಿದ್ದಳು. ಒಳಗಿನ ಹುಳು ಚೆನ್ನಾಗಿದ್ದರೆ ಟಕ್ ಟಕ್ ಎಂದು ಸದ್ದಾಗುತ್ತದೆ. ಒಡೆದು ಗೋಡೆಗೆ ಅಂಟಿದ್ದರೆ ಸದ್ದಿಲ್ಲ. ಅದನ್ನು ಬಿಟ್ಟು ಇನ್ನೊಂದನ್ನು ಎತ್ತಿಕೊಂಡಳು, ಆಮೇಲೆ ಮತ್ತೊಂದನ್ನು.

"ಮಾತಾಡ್ತಿಲ್ಲ ಕಣೇ," ಎಂದಳು.

ನಾನೂ ಒಂದನ್ನು ತೆಗೆದುಕೊಂಡೆ. ಕಿವಿಯ ಬಳಿ ಹಿಡಿದು ಅಲ್ಲಾಡಿಸಿದೆ. ಏನೂ ಕೇಳಿಸಲಿಲ್ಲ.

ಸಾಬರು ಬಗ್ಗಿ ಬೆಲೂನುಗಳ ಗಾಳಿ ಇಳಿಸಿದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅಲ್ಲಿಂದ ಮುಂದೆ ನಾನೂ ಹಿಂದೆ ಕುಳಿತೆ. ಗಾಡಿ ಮತ್ತೆ ತೊಟ್ಟಿಲಿನಂತೆ ತೂಗುತ್ತ ಸಾಗಿತು. ಇಷ್ಟು ಮೆತ್ತಗೆ ಹೋಗಬಲ್ಲ ಗಾಡಿಯನ್ನು ನಾನೇ ಕೆಡಿಸಿದೆನಲ್ಲ ಎಂದು ಅಮ್ಮನ ಮುಖ ನೋಡಲು ಹೆದರಿದೆ.

ಕೇಂದ್ರದಲ್ಲಿ ಪ್ರತಿ ಬುಟ್ಟಿಯಿಂದ ಒಂದೊಂದು ಹಿಡಿ ತೆಗೆದು ಬ್ಲೇಡಿನಿಂದ ಕತ್ತರಿಸಿ ನೋಡಿದರು. ಮುಂದಿನ ಬುಟ್ಟಿಗಳಲ್ಲಿ ಬಹಳಷ್ಟು ಹುಳುಗಳು ಬದುಕಿದ್ದವು. ಹಿಂಚಕ್ರದ ಮೇಲಿದ್ದ ಬುಟ್ಟಿಗಳಲ್ಲಿ ಗೂಡಿನ ಒಳಗೋಡೆಗೆ ಒಡೆದ ಹುಳುವಿನ ಕಂದು ಕಲೆ ಅಂಟಿತ್ತು. ಪರೀಕ್ಷಿಸಿದವರು ಸೌಜನ್ಯದಿಂದಲೇ ತಲೆಯಾಡಿಸಿ, ಬೆಳೆಯನ್ನು ಬಿತ್ತನೆಗೆ ತೆಗೆದುಕೊಳ್ಳಲಾಗುವುದಿಲ್ಲ ಎಂದರು.

ಆಮೇಲೆ ನಮಗೆ ಬಿತ್ತನೆ ಬೆಳೆ ಕೊಟ್ಟಿಲ್ಲ. ಅಮ್ಮ ಮೊದಲಿನಂತೆ ನೂಲಿನ ಗೂಡು ಬೆಳೆದು ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕುತ್ತಾಳೆ. ಗಾಡಿಯವರೊಂದಿಗೆ ಈಗ ಅವಳೇ ಮಾತನಾಡುತ್ತಾಳೆ, ನನ್ನನ್ನು ಕೇಳುವುದಿಲ್ಲ.