ಹೆಗಲ ಋಣ

ನನ್ನ ಗಂಡ ಆ ಗುಂಪು ಸೇರಿದ್ದು ಯಾರದೋ ಭಾಷಣ ಕೇಳಿ ಅಲ್ಲ. ಕೊರೋನಾ ಕಾಲದಲ್ಲಿ ಮಾವ ಎದೆನೋವಿನಿಂದ ತೀರಿಕೊಂಡರು. ಸೋಂಕೇ ಇರಬೇಕು ಅಂತ ನೆಂಟರೆಲ್ಲ ಫೋನಿನಲ್ಲೇ ಅತ್ತು ಕೈತೊಳೆದುಕೊಂಡರು. ಹನುಮಂತನಗರದ ನಮ್ಮ ಬೀದಿಯಲ್ಲಿ ಒಂದು ಗೇಟೂ ತೆರೆಯಲಿಲ್ಲ. ಬಂದದ್ದು ಏರಿಯಾದ ನಾಲ್ಕು ಹುಡುಗರು, ಜೊತೆಗೆ ಅವರೆಲ್ಲ 'ಅಣ್ಣ' ಎನ್ನುವ ಒಬ್ಬ. ಹೆಗಲು ಕೊಟ್ಟರು, ಬೂದಿ ಕೈಗೆ ಸಿಗುವ ತನಕ ಚಿತಾಗಾರದ ಮುಂದೆ ನಿಂತರು. ಅತ್ತೆಗೆ ಅಂದಿನಿಂದ ಅಣ್ಣ ದೇವರಾದ. ಸುಳ್ಳು ಯಾಕೆ ಹೇಳಲಿ, ನನಗೂ ಹಾಗೇ ಅನ್ನಿಸಿತ್ತು.

ಆಮೇಲೆ ಅವನು ಕರೆದಲ್ಲಿಗೆಲ್ಲ ಇವರು ಹೋದರು. ಮೊದಲು ರಕ್ತದಾನ, ಗಣಪತಿ ಪೆಂಡಾಲು. ನಂತರ ಬೇರೆ ಧರ್ಮದವರ ಜೊತೆ ಓಡಾಡುವವರಿಗೆ 'ಬುದ್ಧಿ ಹೇಳುವುದು'. ಬುದ್ಧಿ ಹೇಳಿ ಬಂದವರ ಅಂಗಿ ಮೇಲೆ ರಕ್ತ ಯಾಕೆ ಅಂತ ಕೇಳಿದರೆ ಇವರು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅವರ ಸಹವಾಸ ಬಿಡಿ ಅಂದರೆ ಒಂದೇ ಉತ್ತರ, "ಅಪ್ಪನ ಹೆಣ ಹೊತ್ತೋರು ಕಣೇ."

ಒಂದು ಆಯುಧಪೂಜೆಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಮಚ್ಚುಗಳಿಗೆ ಕುಂಕುಮ ಹಚ್ಚಿ ಸಾಲಾಗಿ ಇಟ್ಟಿದ್ದರು. ಒಬ್ಬ ಹುಡುಗ ಬೂದುಗುಂಬಳ ಎತ್ತಿದ್ದೇ ತಡ, ಅಣ್ಣ ಅದನ್ನು ಕಿತ್ತುಕೊಂಡು ಗದರಿಸಿದ. ಬಸುರಿ ಹೆಂಡತಿ ಇರುವವನು ಕುಂಬಳಕಾಯಿ ಒಡೆಯಬಾರದು, ಹೆಣ ಹೊರಬಾರದು, ಹಾವನ್ನು ಕೂಡ ಹೊಡೆಯಬಾರದಂತೆ. ಮನುಷ್ಯರನ್ನು ಹೊಡೆಯುವವನಿಗೆ ಕುಂಬಳಕಾಯಿ ವಿಷಯದಲ್ಲಿ ಎಂಥ ನೇಮ ಅಂತ ನನಗೆ ಒಳಗೊಳಗೇ ನಗು ಬಂತು. ಆದರೂ ಆ ಮಾತು ತಲೆಯಲ್ಲಿ ಉಳಿಯಿತು.

ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಅಣ್ಣ ಮನೆಗೆ ಬಂದ. ತಿಲಕ್ ನಗರದಲ್ಲಿ ಮೊಬೈಲ್ ರಿಪೇರಿ ಮಾಡುವ, ಬೇರೆ ಧರ್ಮದ ಹುಡುಗನೊಬ್ಬ ನಮ್ಮ ಬೀದಿಯ ಹುಡುಗಿಯ ಜೊತೆ ಓಡಾಡುತ್ತಿದ್ದ. ಇವರ ಗೂಡ್ಸ್ ಗಾಡಿ ಬೇಕಿತ್ತು, ಓಡಿಸಲು ಇವರೂ ಬೇಕಿತ್ತು. ಇವತ್ತು ಬುದ್ಧಿ ಹೇಳುವುದಲ್ಲ, ಮುಗಿಸುವುದು ಎಂದ. ಇವರು ಗೋಡೆಯ ಮೊಳೆಯಿಂದ ಗಾಡಿ ಕೀಲಿ ತೆಗೆದು ನನ್ನ ಕಡೆ ನೋಡಿದರು. ನಾನು ಅಡ್ಡ ಬಂದೆ.

"ಅಣ್ಣಾ, ಇವರನ್ನ ಕರ್ಕೊಂಡು ಹೋಗ್ಬೇಡಿ. ನನಗೀಗ ಮೂರು ತಿಂಗಳು."

ನಾನು ಬಸುರಿಯಾಗಿರಲಿಲ್ಲ. ಅಣ್ಣ ನನ್ನ ಮುಖವನ್ನೇ ನೋಡಿದ. ಕೊನೆಗೆ ಇವರ ಕೈಯಿಂದ ಕೀಲಿ ತೆಗೆದು ಅವನೇ ಮೊಳೆಗೆ ನೇತುಹಾಕಿದ. ಗಾಡಿಯೂ ಬೇಡ, ಬೇರೆ ದಿನ ನೋಡೋಣ ಅಂತ ಹೊರಟ. ಮಾರನೆಯ ದಿನದಿಂದ ತಿಲಕ್ ನಗರದ ಆ ಅಂಗಡಿಯ ಶಟರ್ ಏಳಲಿಲ್ಲ, ಹುಡುಗ ಊರು ಬಿಟ್ಟಿದ್ದ. ಅವನಿಗೆ ಯಾರು ಸುದ್ದಿ ಮುಟ್ಟಿಸಿದರು ಅಂತ ನಾನು ಇವರನ್ನು ಕೇಳಲಿಲ್ಲ.

ಆದರೆ ದೇವರ ಮುಂದೆ ಕೂತಿದ್ದ ಅತ್ತೆಗೆ ನನ್ನ ಮಾತು ಕೇಳಿಸಿತ್ತು. ಮದುವೆಯಾದಾಗಿನಿಂದ ಅವರು ಕಾದಿದ್ದ ಮಾತು. ಓಡಿಬಂದು ನನಗೆ ದೃಷ್ಟಿ ತೆಗೆದರು, ಆಗಲೇ ಪಾಯಸಕ್ಕೆ ಇಟ್ಟರು. ನಿಜ ಹೇಳಿದರೆ ಅವರ ಬಾಯಲ್ಲಿ ನಿಲ್ಲುತ್ತಿರಲಿಲ್ಲ, ಅಣ್ಣನಿಗೆ ಮುಟ್ಟುತ್ತಿತ್ತು. ಹಾಗಾಗಿ ಪಾಯಸ ಕುಡಿದೆ. ಅಷ್ಟು ಸಂಕಟದಿಂದ ನಾನು ಯಾವತ್ತೂ ಏನನ್ನೂ ನುಂಗಿಲ್ಲ.

ಬಸಿರು ಬಚ್ಚಿಡೋಕಾಗಲ್ಲ ಅಂತಾರೆ. ಬಸಿರಿಲ್ಲ ಅನ್ನೋದನ್ನು ಬಚ್ಚಿಡುವುದು ಅದಕ್ಕಿಂತ ಕಷ್ಟ. ಇವರು ಗುಂಪಿನ ಕಡೆ ತಲೆ ಹಾಕಲಿಲ್ಲ, ಬಹಳ ದಿನಗಳ ಮೇಲೆ ನೆಮ್ಮದಿಯಾಗಿ ನಿದ್ದೆ ಮಾಡಿದರು. ನಾನು ಸೆರಗು ಸರಿಮಾಡಿಕೊಳ್ಳುತ್ತಾ ತಿಂಗಳು ತಳ್ಳಿದೆ. ಗರ್ಭ ಹೋಯ್ತು ಅಂತ ಹೇಳಿಬಿಡೋಣ ಅಂದರೆ ಇವರು ಒಪ್ಪಲಿಲ್ಲ. ಹಾಗಂದರೆ ಮತ್ತೆ ಕರೆಯುತ್ತಾರೆ ಎಂದರು.

ಐದನೇ ತಿಂಗಳು ಅಂತ ಅಣ್ಣ ಹೆಂಡತಿಯನ್ನು ಕರೆದುಕೊಂಡು, ಹಸಿರು ಬಳೆ, ಹೂವು ತಟ್ಟೆಯಲ್ಲಿಟ್ಟುಕೊಂಡು ಬಂದ. ಇವರು ಹೊಸ್ತಿಲಲ್ಲೇ ಅಡ್ಡ ನಿಂತರು.

"ಅಣ್ಣಾ, ಅವಳು ಬಸುರಿ ಅಲ್ಲ. ಅವತ್ತೂ ಆಗಿರ್ಲಿಲ್ಲ. ನಾನು ಬರಲ್ಲ ಅಂತ ನಾನೇ ಹೇಳ್ಬೇಕಿತ್ತು, ಅವಳು ಹೇಳಿದ್ಲು."

ಅಣ್ಣ ಒಂದು ಹೆಜ್ಜೆ ಮುಂದೆ ಬಂದ. "ನಿಮ್ಮಪ್ಪನ ಹೆಣಕ್ಕೆ ಹೆಗಲು ಕೊಟ್ಟೋನು ನಾನು."

"ಕೊಟ್ಟಿದೀರ. ನಿಮ್ಮನೇಲಿ ಸಾವಾದ್ರೆ ಮೊದಲು ಬರೋ ಹೆಗಲು ನಂದು. ಹೊರೋಕೆ ಕರೀರಿ, ಬರ್ತೀನಿ. ಕೊಲ್ಲೋಕೆ ಕರೀಬೇಡಿ."

ಈಗ ಹೊಡೆಯುತ್ತಾನೆ ಅಂದುಕೊಂಡೆ. ಅವನು ಹೊರಗೆ ನಿಂತ ಗಾಡಿಯನ್ನೊಮ್ಮೆ ನೋಡಿ, "ನೋಡ್ಕೋತೀನಿ" ಅಂದು ಹೋದ. ಅವನ ಹೆಂಡತಿ, ತಂದ ಬಳೆ ವಾಪಸ್ ಒಯ್ಯಬಾರದು ಅಂತ ತಟ್ಟೆಯನ್ನು ಜಗಲಿ ಮೇಲಿಟ್ಟು ಅವನ ಹಿಂದೆ ನಡೆದಳು.

ಅತ್ತೆ ಎಲ್ಲ ಕೇಳಿಸಿಕೊಂಡಿದ್ದರು. ಬಳೆಗಳನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಆಮೇಲೆ, "ಮೊಮ್ಮಗು ಹೋಯ್ತು ಅಂತ ಅಳ್ಲಾ, ಮಗ ಬಂದ ಅಂತ ನಗ್ಲಾ, ನೀನೇ ಹೇಳಮ್ಮ" ಅಂದರು. ನಾನು ಅವರ ಕಾಲ ಬಳಿ ಕೂತು ಅತ್ತುಬಿಟ್ಟೆ.

ಆ ಮನೆ ಬಿಟ್ಟು ಈಗ ಸುಬ್ರಹ್ಮಣ್ಯಪುರದಲ್ಲಿದ್ದೇವೆ. ಮನೆ ಮುಂದೆ ಬೈಕ್ ನಿಧಾನವಾದರೆ ಮೂವರೂ ಮಾತು ನಿಲ್ಲಿಸುತ್ತೇವೆ. ಅದು ಮುಂದೆ ಹೋದ ಮೇಲೆ ಅತ್ತೆ ಮೊದಲು ನೋಡುವುದು ನನ್ನ ಹೊಟ್ಟೆಯನ್ನಲ್ಲ, ಗಾಡಿ ಕೀಲಿ ಮೊಳೆಯಲ್ಲಿದೆಯಾ ಅಂತ.