ಸೋತ ಕೈಗೂ ತೆರೆಯುವ ಕಿಟಕಿ

ಭಾನುವಾರ ಬೆಳಗಿನ ಐದೂಕಾಲು. ಲಿಂಗಂಪಲ್ಲಿ ರೈಲು ನಿಲ್ದಾಣದ ಹಿಂದಿನ ಓಣಿಯಲ್ಲಿ ಮೊದಲ ಲೋಕಲ್ ಗಾಡಿಯ ಘೋಷಣೆಗಿಂತಲೂ ಮುಂಚೆ ಏಳುವ ಸದ್ದು ಲೋಹ ಉಜ್ಜುವ ಅರದ್ದು. ಒಂದೇ ಕೋಣೆಯ ಮನೆಯ ಹೊಸ್ತಿಲಾಚೆ, ಕಲ್ಲುಚಪ್ಪಡಿಗೆ ಬಿಗಿದ, ಲೋಹವನ್ನು ಕಚ್ಚಿಹಿಡಿಯುವ ಪುಟ್ಟ ವೈಸಿನ ಮುಂದೆ ಶಿವದೇವಿ ಕುಳಿತಿದ್ದಾರೆ. ವೈಸಿನ ದವಡೆಯಲ್ಲಿ ಹಿತ್ತಾಳೆಯ ಒಂದು ಕಿಟಕಿ ಹಿಡಿಕೆ. ಮೂರು ಸಲ ಅರ ಎಳೆಯುತ್ತಾರೆ, ಪುಡಿಯನ್ನು ಊದುತ್ತಾರೆ, ಹೆಬ್ಬೆರಳಿನಿಂದ ಸವರಿ ನೋಡುತ್ತಾರೆ, ಮತ್ತೆ ಮೂರು ಸಲ ಎಳೆಯುತ್ತಾರೆ.

“ಐತವಾರನಾದ್ರೂ ಮಲಗಾಕ ಬಿಡಬಾರದೇನ ಶಿವದೇವಿ,” ಎನ್ನುತ್ತದೆ ಪಕ್ಕದ ಮನೆಯೊಳಗಿನ ಒಂದು ದನಿ.

“ಹತ್ತು ಗಂಟೇಕ ಪರೀಕ್ಷಾ ಐತೆವ್ವ. ಇವತ್ತೊಂದಿನ ತಡಕೋ,” ಎನ್ನುತ್ತಾರೆ ಶಿವದೇವಿ, ಅರ ನಿಲ್ಲಿಸದೆ.

ಪರೀಕ್ಷೆ ಎಂಬ ಮಾತಿನಲ್ಲಿ ಅತಿಶಯವಿಲ್ಲ. ಹಿಮಾಯತ್‌ನಗರದ ಒಂದು ಹಳೆಯ ನಾಲ್ಕಂತಸ್ತಿನ ಕಟ್ಟಡದಲ್ಲಿ ಇಂದು ಹತ್ತು ಗಂಟೆಗೆ ನಿವಾಸಿಗಳ ಸಭೆ. ಹದಿನಾರು ಮನೆಗಳು, ನೂರಾಹನ್ನೆರಡು ಉಕ್ಕಿನ ಕಿಟಕಿಗಳು, ಅಷ್ಟೇ ಸಂಖ್ಯೆಯ ಹಿತ್ತಾಳೆ ಹಿಡಿಕೆಗಳು. ನಲವತ್ತು ವರ್ಷಗಳಿಂದ ತಿರುಗಿ ತಿರುಗಿ ಅವು ಸವೆದಿವೆ, ಕೆಲವು ಮುರಿದಿವೆ, ಕೆಲವು ಕಡೆ ತಂತಿಯೇ ಹಿಡಿಕೆಯಾಗಿದೆ. ಎಲ್ಲವನ್ನೂ ಕಿತ್ತು ಗುಜರಿಗೆ ಹಾಕಿ, ಸರಿಯುವ ಅಲ್ಯುಮಿನಿಯಂ ಕಿಟಕಿ ಕೂರಿಸಬೇಕೆಂಬುದು ಸಂಘದ ಕಾರ್ಯದರ್ಶಿ ಹಣಮಂತರಾಯರ ಸೂಚನೆ. ಹಿಡಿಕೆ ಬದಲಿಸಿದರೆ ಸಾಕು, ಕಿಟಕಿ ಇನ್ನೂ ನಲವತ್ತು ವರ್ಷ ಬಾಳುತ್ತದೆ ಎಂಬುದು ಶಿವದೇವಿಯ ವಾದ. ಕಡೆಗೆ ರಾಯರು ತಮ್ಮ ಹಜಾರದ ಒಂದು ಕಿಟಕಿಯನ್ನು ತೋರಿಸಿ ಭಾನುವಾರದ ಗಡುವು ಕೊಟ್ಟಿದ್ದಾರೆ. ಆರು ವರ್ಷಗಳಿಂದ ಮುಚ್ಚಿಯೇ ಇರುವ ಆ ಕಿಟಕಿ ತೆರೆದರೆ ನೂರಾಹನ್ನೆರಡೂ ಉಳಿಯುತ್ತವೆ. ಇಲ್ಲವಾದರೆ ಒಂದೂ ಇಲ್ಲ.

ಅದೇ ರಸ್ತೆಯ ಐದು ಕಟ್ಟಡಗಳು ಈಗಾಗಲೇ ಹಳೆಯ ಕಿಟಕಿಗಳನ್ನು ಕಳೆದುಕೊಂಡಿವೆ. ಉಳಿದದ್ದು ಇದೊಂದು. ಇದೂ ಹೋದರೆ, ಹಿತ್ತಾಳೆಯ ಹಿಡಿಕೆಯನ್ನು ಅಚ್ಚಿನಿಂದ ಮಾಡಿ ಕೂರಿಸುವ ಶಿವದೇವಿಯ ವಿದ್ಯೆಗೆ ಈ ನಗರದಲ್ಲಿ ಹೆಚ್ಚಿನ ಕೆಲಸ ಉಳಿಯುವುದಿಲ್ಲ.

ನಲವತ್ತನಾಲ್ಕರ ಶಿವದೇವಿ ರಾಯಚೂರು ಜಿಲ್ಲೆಯ ಮಾನ್ವಿ ಸೀಮೆಯವರು. ಹತ್ತೊಂಬತ್ತು ವರ್ಷಗಳ ಹಿಂದೆ ಪತಿ ಶರಣಕುಮಾರರೊಂದಿಗೆ ಇಲ್ಲಿಗೆ ಬಂದಾಗ ಲಿಂಗಂಪಲ್ಲಿಯ ಸುತ್ತ ಬಂಡೆ ಒಡೆಯುವ ಸದ್ದು ನಿಂತಿರಲಿಲ್ಲ. ಇಬ್ಬರೂ ಕಟ್ಟಡದ ಕೆಲಸಕ್ಕೆ ಸೇರಿದರು. ಮೊದಲು ತಲೆಯ ಮೇಲೆ ಮರಳು. ಆಮೇಲೆ ಹೊಸ ಕಿಟಕಿಗಳ ಗಾಜಿನ ಮೇಲೆ ಸಿಡಿದ ಬಣ್ಣ ಒರೆಸುವ ಕೆಲಸ. ಹಿಡಿಕೆ ಕೂರಿಸುವವರು ಪಕ್ಕದಲ್ಲೇ ದುಡಿಯುತ್ತಿದ್ದರು. ಒಮ್ಮೆ ಅವರಲ್ಲೊಬ್ಬ ಕೆಲಸ ಅರ್ಧಕ್ಕೆ ಬಿಟ್ಟು ಊರಿಗೆ ಹೋದ. ಗುತ್ತಿಗೆದಾರ ತಲೆಯ ಮೇಲೆ ಕೈಹೊತ್ತು ಕುಳಿತಿದ್ದ ಆ ಮಧ್ಯಾಹ್ನ ಶಿವದೇವಿ ಹದಿನಾಲ್ಕು ಕಿಟಕಿಗಳಿಗೆ ಹಿಡಿಕೆ ಹಾಕಿ ಮುಗಿಸಿದರು.

“ಯಾರೂ ಕಲಿಸಲಿಲ್ರಿ. ಬಣ್ಣ ಒರಸ್ಕೋತ ಒರಸ್ಕೋತ ಕಣ್ಣೀಲೆ ಕಲತೆ,” ಎನ್ನುತ್ತಾರೆ. “ಆ ಗುತ್ತೇದಾರ ಏನಂದ ಗೊತ್ತೇನ್ರಿ? ಹೆಣ್ಣಮಗಳು ಹಾಕ್ಯಾಳಂತ ಯಾರಿಗೂ ಹೇಳಬ್ಯಾಡ, ಮಂದಿ ಹೆದರತಾರ ಅಂದ. ಈಗ ಅದ ಮಂದಿ ಫೋನ್ ಮಾಡಿ, ಅಕ್ಕಾ ಯಾವಾಗ ಬರ್ತಿ ಅಂತಾರ.”

ಹನ್ನೆರಡು ವರ್ಷಗಳಿಂದ ಇದು ಅವರ ಸ್ವಂತ ಕಸುಬು. ಬೆಳಗ್ಗೆ ನಾಲ್ಕೂವರೆಗೆ ಏಳುತ್ತಾರೆ. ದಿನಕ್ಕೆ ನಾಲ್ಕೈದು ಮನೆ. ಹೊಸ ಫ್ಲ್ಯಾಟುಗಳ ಹಿಡಿಕೆಯಾದರೆ ಅಂಗಡಿಯಲ್ಲೇ ಸಿಗುತ್ತದೆ. ಎರಡು ಸ್ಕ್ರೂ, ಹತ್ತು ನಿಮಿಷ. ಹಳೆಯ ಉಕ್ಕಿನ ಕಿಟಕಿಯಾದರೆ ಮಾತ್ರ ಮೂರು ಸಲ ಹೋಗಬೇಕು: ಅಳತೆಗೊಮ್ಮೆ, ಜೋಡಣೆಗೊಮ್ಮೆ, ತಿಂಗಳು ಕಳೆದ ಮೇಲೆ ಸುಮ್ಮನೆ ನೋಡಿ ಬರುವುದಕ್ಕೊಮ್ಮೆ. ಮೂರನೆಯ ಭೇಟಿಯನ್ನು ಯಾರೂ ಕೇಳುವುದಿಲ್ಲ. ಅವರು ಬಿಡುವುದೂ ಇಲ್ಲ.

ಅಳತೆಗೆ ಅವರು ಒಯ್ಯುವುದು ಪಟ್ಟಿಯನ್ನಲ್ಲ, ಸ್ಟೀಲಿನ ಖಾಲಿ ಡಬ್ಬಿಯನ್ನು. ಮನೆಯೊಳಗೆ ಕಾಲಿಟ್ಟವರೇ ಒಂದು ಮುದ್ದೆ ಚಪಾತಿ ಹಿಟ್ಟು ಕೇಳುತ್ತಾರೆ. ಕಿಟಕಿಯನ್ನು ಬಿಗಿಹಿಡಿಯುವ ಹಿಡಿಕೆಯ ಮೂಗು ಹೋಗಿ ಕೂರುವ ಸಂದಿಗೆ ಆ ಹಿಟ್ಟನ್ನು ಒತ್ತಿ, ನಿಧಾನವಾಗಿ ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕುತ್ತಾರೆ. ಅದನ್ನು ನೋಡಿ ಮರದಲ್ಲಿ ಮಾದರಿ ಕೆತ್ತಿ, ಬಾಲಾನಗರದ ಹುಸೇನಪ್ಪನವರ ಶೆಡ್ಡಿಗೆ ಒಯ್ದು ಹಿತ್ತಾಳೆಯಲ್ಲಿ ಎರಕ ಹೊಯ್ಯಿಸುತ್ತಾರೆ. ಮನೆಯ ಗೋಡೆಯ ಮೇಲೆ ತಂತಿಗೆ ಪೋಣಿಸಿದ ಇಂಥ ಮರದ ಮಾದರಿಗಳು ಎಂಬತ್ತಾರಿವೆ. ಒಂದರಂತೆ ಇನ್ನೊಂದಿಲ್ಲ.

“ಸ್ಕೇಲು ಒಂದ ಕಡೆ ಅಳೀತೈತ್ರಿ. ಕಬ್ಬಿಣ ಎಲ್ಲಾ ಕಡೆ ಸವದಿರತೈತಿ. ದಿನಾ ಸಿಟ್ಟೀಲೆ ತೆರಿಯೋ ಮನಿ ಕಿಡಕಿ ಒಂಥರಾ ಸವೀತೈತಿ, ಸಾವಕಾಶ ತೆರಿಯೋ ಮನೀದು ಇನ್ನೊಂಥರಾ. ಹಿಟ್ಟಿಗಿ ಅದೆಲ್ಲಾ ತಿಳೀತೈತಿ.”

ಕಳೆದ ಸೋಮವಾರ ಹಜಾರದ ಕಿಟಕಿಯ ಅಳತೆಗೆ ಅವರು ಹಿಟ್ಟು ಕೇಳಿದಾಗ ಹಣಮಂತರಾಯರು ನಕ್ಕುಬಿಟ್ಟರಂತೆ. ರಾಯರೂ ರಾಯಚೂರಿನ ಕಡೆಯವರೇ. ವಯಸ್ಸು ಎಪ್ಪತ್ತೆರಡು. ಬಾಲಾನಗರದ ಯಂತ್ರಭಾಗಗಳ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಮೂವತ್ತೊಂದು ವರ್ಷ ಇದ್ದು, ಅದರ ಮುಖ್ಯಸ್ಥರಾಗಿ ನಿವೃತ್ತರಾದವರು. ಸದಾ ಇಸ್ತ್ರಿ ಮಾಡಿದ ಜುಬ್ಬಾ, ಬಲಗೈ ಜೇಬಿನಲ್ಲಿ. ಸಂಘದ ಕಾಗದಪತ್ರವನ್ನೆಲ್ಲ ಸೊಸೆ ಭಾಗ್ಯಶ್ರೀ ಬರೆಯುತ್ತಾರೆ, ರಾಯರು ಹೇಳುತ್ತಾರೆ.

“ಕೂದಲೆಳಿ ಫರಕ್ ಇದ್ರೂ ಮಾಲು ವಾಪಸ್ ಕಳಿಸಿದಾಂವ ನಾ. ರೊಟ್ಟಿ ಹಿಟ್ಟೀಲೆ ಅಳತಿ ತಗೊಳ್ಳೋದು ಇವತ್ತ ನೋಡಾಕತ್ತೀನಿ,” ಎಂದರು. “ಹೊಸಾ ಕಿಡಕಿ ಆದ್ರ ಒಂದ ಬೆರಳೀಲೆ ದೂಡಿದ್ರ ಸರೀತೈತಿ, ತಂಗಿ. ಈ ಜಗ್ಗಾಟ ಯಾಕ ಬೇಕು?”

ಆ ಮಾತು ಶಿವದೇವಿಯವರನ್ನು ಚುಚ್ಚಿತು. ಚುಚ್ಚಿದ ಅವಸರದಲ್ಲಿ ಅವರು ಹನ್ನೆರಡು ವರ್ಷಗಳಲ್ಲಿ ಮಾಡದ ತಪ್ಪು ಮಾಡಿದರು. ಭಾಗ್ಯಶ್ರೀ ರೊಟ್ಟಿಗೆಂದು ನಾದಿಟ್ಟಿದ್ದ ಜೋಳದ ಹಿಟ್ಟನ್ನೇ ತೆಗೆದುಕೊಟ್ಟು, “ಗೋಧಿದು ಕಲಸಿಕೊಡ್ಲೇನಕ್ಕ?” ಎಂದು ಕೇಳಿದರು. “ಬ್ಯಾಡ, ನಮ್ಮ ಜ್ವಾಳ ಮೋಸ ಮಾಡಂಗಿಲ್ಲ,” ಎಂದರು ಶಿವದೇವಿ.

ಮೋಸ ಮಾಡಿತು. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಬಾಲಾನಗರದ ಬಸ್ಸಿಳಿಯುವಷ್ಟರಲ್ಲಿ ಅಚ್ಚು ಅಲ್ಲಲ್ಲಿ ಬಿರುಕುಬಿಟ್ಟಿತ್ತು. ಡಬ್ಬಿ ತೆರೆದ ಹುಸೇನಪ್ಪ, “ಅಕ್ಕಾ, ಇಷ್ಟ ತಂದೀಯಲ್ಲ, ಶೇಂಗಾ ಚಟ್ನಿ ಎಲ್ಲೈತಿ?” ಎಂದು ಕೇಳಿದರು. ಬಿರುಕನ್ನು ಅಂದಾಜಿನಲ್ಲಿ ತುಂಬಿ ಕೆತ್ತಿದ ಮಾದರಿಯಿಂದ ಬಂದ ಹಿಡಿಕೆಯ ಮೂಗು ಒಂದು ಬೆಂಕಿಕಡ್ಡಿಯ ದಪ್ಪದಷ್ಟು ಗಿಡ್ಡವಾಯಿತು. ಗುರುವಾರ ಅದನ್ನು ಕೂರಿಸುತ್ತಲೇ, ಯಾರೂ ತಿರುಗಿಸಿ ನೋಡುವ ಮೊದಲೇ, ಕುಂದು ಕಂಡಿತು. ಮೂಗು ಸಂದಿಯನ್ನು ಮುಟ್ಟದೆ ಹಿಡಿಕೆ ಗಡಗಡ ಅಲುಗಿತು. ರಾಯರು ಗೋಡೆಯ ಕ್ಯಾಲೆಂಡರಿನ ಭಾನುವಾರದ ಕಡೆ ಕತ್ತು ತಿರುಗಿಸಿದರು, ಅಷ್ಟೇ.

“ಕಾಕಾರ, ಇದು ಕಿಡಕಿ ತಪ್ಪಲ್ಲ, ನನ್ನ ತಪ್ಪು. ಇನ್ನೊಂದು ಸಲ ಅಳತಿ ತಗೋತೀನಿ,” ಎಂದು ಶಿವದೇವಿ ಮಾವ, ಸೊಸೆ ಇಬ್ಬರೆದುರೇ ಒಪ್ಪಿಕೊಂಡರು. ಈ ಸಲ ಭಾಗ್ಯಶ್ರೀ ಕೇಳದೆಯೇ ಗೋಧಿ ಹಿಟ್ಟು ನಾದಿದರು. ಉಳಿದ ಹೊತ್ತೆಲ್ಲ ಸೀಮೆಎಣ್ಣೆ ಸವರಿ, ತೆಳ್ಳನೆಯ ಬ್ಲೇಡು ಆಡಿಸಿ, ಆರು ವರ್ಷದ ತುಕ್ಕನ್ನು ಬಿಡಿಸುವುದರಲ್ಲಿ ಕಳೆಯಿತು. ಶನಿವಾರ ಸಂಜೆ ಎರಕ ಕೈಗೆ ಬಂತು. ಇಂದು ವೈಸಿನ ದವಡೆಯಲ್ಲಿರುವುದು ಅದೇ ಎರಡನೆಯ ಹಿಡಿಕೆ.

ಆರು ಗಂಟೆಗೆ ಶರಣಕುಮಾರ ಕಾವಲುಗಾರಿಕೆಯ ರಾತ್ರಿಪಾಳಿ ಮುಗಿಸಿ ಬರುತ್ತಾರೆ. ಹಿಡಿಕೆಯನ್ನು ಕೈಗೆತ್ತಿಕೊಂಡು, ಕೈಯಿಂದ ಹಿಡಿದು ತಿರುಗಿಸುವ ತುದಿಯನ್ನು ಸವರಿ ನೋಡುತ್ತಾರೆ.

“ಬಾಲ ಉದ್ದ ಆಗೈತಲ್ಲ?”

“ಬೇಕಂತ ಬಿಟ್ಟೀನಿ.”

“ಯಾಕ?”

“ನೀ ಚಾ ಕುದಸು. ಎಲ್ಲಾ ಕೇಳಬಾರದು.”

ಶಿವದೇವಿಯ ಕಸುಬಿಗೆ ಒಂದು ನೇಮವಿದೆ. ಅದು ಹುಟ್ಟಿದ್ದು ಒಂದು ನಾಚಿಕೆಯಿಂದ. ಸ್ವಂತ ಕೆಲಸ ಆರಂಭಿಸಿದ ವರ್ಷ ಒಬ್ಬ ವೃದ್ಧೆಯ ಮನೆಗೆ ಮೂರು ಹಿಡಿಕೆ ಹಾಕಿ ಬಂದಿದ್ದರು. ನಾಲ್ಕು ತಿಂಗಳ ನಂತರ ಬೇರೆ ಕೆಲಸಕ್ಕೆ ಹೋದಾಗ ಮೂರೂ ಕಿಟಕಿ ಮುಚ್ಚಿದ್ದವು. ಬೆರಳ ಗಿಣ್ಣು ಊದಿಕೊಂಡಿದ್ದ ಆಕೆಗೆ ಹೊಸ ಹಿಡಿಕೆ ತಿರುಗಿಸಲಾಗುತ್ತಿರಲಿಲ್ಲ, ಹೇಳಿಕೊಳ್ಳಲು ಸಂಕೋಚ.

“ಹಿಡಕಿ ಗಟ್ಟಿ ಇತ್ರಿ, ಚಂದಾನೂ ಇತ್ತು. ಆ ಆಯಿ ಪಾಲಿಗಿ ಮಾತ್ರ ಇರಲಿಲ್ಲ. ನಾ ನನ್ನ ಕೈಯಾಗ ತಿರುವಿ ನೋಡಿ, ಆತು ಅಂತ ಬಂದಿದ್ದೆ. ನನ್ನ ಕೈ ಮರಳು ಹೊತ್ತ ಕೈ. ಅದಕ್ಕೇನು ಗೊತ್ತಾಗತೈತಿ?”

ಅಂದಿನಿಂದ ಅವರು ಕೂರಿಸಿದ ಹಿಡಿಕೆಯನ್ನು ತಾವು ಮೊದಲು ತಿರುಗಿಸುವುದಿಲ್ಲ. “ಮನ್ಯಾಗ ಎಲ್ಲಾರಿಗಿಂತ ಸೋತ ಕೈ ಯಾರದ್ರಿ?” ಎಂದು ಕೇಳುತ್ತಾರೆ. ಆ ಕೈ ಮೂರು ಸಲ ತೆರೆದು ಮೂರು ಸಲ ಮುಚ್ಚಿದ ಮೇಲೆಯೇ ಕೆಲಸ ಮುಗಿದ ಲೆಕ್ಕ.

ಹತ್ತು ಗಂಟೆ. ರಾಯರ ಹಜಾರದಲ್ಲಿ ಹದಿನಾಲ್ಕು ಮನೆಗಳ ಜನ. ಸೋಫಾ ತುಂಬಿ, ಊಟದ ಮೇಜಿನ ಕುರ್ಚಿಗಳೂ ಬಂದಿವೆ. ತೆಲುಗು, ಹಿಂದಿ, ಕನ್ನಡ ಮೂರೂ ಒಂದೇ ಸಲಕ್ಕೆ ನಡೆಯುತ್ತಿವೆ. ಮೇಜಿನ ಮೇಲೆ ಅಲ್ಯುಮಿನಿಯಂ ಕಂಪನಿಯವರು ಕೊಟ್ಟ ಬಣ್ಣಬಣ್ಣದ ಪುಸ್ತಿಕೆ. ಶಿವದೇವಿ ಹಿಡಿಕೆಯನ್ನು ಕೂರಿಸುತ್ತಾರೆ, ಎರಡು ಸ್ಕ್ರೂ ಬಿಗಿಯುತ್ತಾರೆ, ಒಂದು ಹನಿ ಎಣ್ಣೆ ಬಿಡುತ್ತಾರೆ. ಬಳಿಕ ಎರಡು ಹೆಜ್ಜೆ ಹಿಂದೆ ಸರಿದು, ಯಾರನ್ನೂ ನೋಡದೆ, ನೆಲದ ಮೇಲೆ ಕಣ್ಣಿಟ್ಟು ಎಂದಿನ ಪ್ರಶ್ನೆ ಕೇಳುತ್ತಾರೆ.

ಎರಡನೆಯ ಮಹಡಿಯ ಅರವಿಂದ್ ನಗುತ್ತ ತಮ್ಮ ತಾಯಿಯನ್ನು ಕರೆತರಲೇ ಎಂದು ತೆಲುಗಿನಲ್ಲಿ ವಿಚಾರಿಸುತ್ತಾರೆ. ಶಿವದೇವಿ ತೆಲುಗಿನಲ್ಲೇ ಬೇಡವೆಂದು ತಿಳಿಸುತ್ತಾರೆ: ಕಿಟಕಿ ಯಾವ ಮನೆಯದೋ ಕೈಯೂ ಆ ಮನೆಯದೇ ಆಗಬೇಕು.

“ನನ್ನ ಕೈ ಗಟ್ಟಿ ಐತಕ್ಕ,” ಎನ್ನುವ ಭಾಗ್ಯಶ್ರೀ ಒಂದು ಕ್ಷಣ ಮಾವನ ಕಡೆ ನೋಡಿ, ಕೂಡಲೇ ಪುಸ್ತಿಕೆಯ ಹಾಳೆ ತಿರುಗಿಸತೊಡಗುತ್ತಾರೆ.

ಹಣಮಂತರಾಯರು ಎದ್ದು ಕಿಟಕಿಯ ಮುಂದೆ ನಿಲ್ಲುತ್ತಾರೆ. ಜುಬ್ಬಾದ ಜೇಬಿನಿಂದ ಬಲಗೈ ಹೊರಬರುತ್ತದೆ. ಅದು ನಡುಗುತ್ತಿದೆ, ಬೆರಳುಗಳು ಪೂರ್ತಿ ಮಡಚುತ್ತಿಲ್ಲ. ಮೂರು ವರ್ಷಗಳಿಂದ ಆ ಕೈಯನ್ನು ಈ ಕಟ್ಟಡದಲ್ಲಿ ಸೊಸೆಯ ಹೊರತು ಯಾರೂ ಕಂಡಿಲ್ಲ. ಒಂದು ಬೆರಳಿನಿಂದ ಸರಿಯುವ ಕಿಟಕಿಯ ಮೇಲೆ ರಾಯರಿಗೆ ಏಕೆ ಅಷ್ಟು ಆಸೆಯಿತ್ತೆಂದು ಯಾರೂ ಹೇಳಬೇಕಿಲ್ಲ.

ಅಂಗೈಯನ್ನು ಹಿಡಿಕೆಯ ಉದ್ದನೆಯ ಬಾಲದ ಮೇಲಿಟ್ಟು ಅವರು ಕೆಳಕ್ಕೆ ಒತ್ತುತ್ತಾರೆ. ಬೆರಳು ಮಡಚುವ ಅಗತ್ಯವೇ ಬೀಳುವುದಿಲ್ಲ. ಹಿಡಿಕೆ ತಿರುಗುತ್ತದೆ, ಮೂಗು ಸಂದಿಯಿಂದ ಹೊರಬರುತ್ತದೆ, ಕಿಟಕಿ ತೆರೆಯುತ್ತದೆ. ಹಿಮಾಯತ್‌ನಗರದ ರಸ್ತೆಯ ಗದ್ದಲವೆಲ್ಲ ಒಮ್ಮೆಲೇ ಒಳಗೆ ನುಗ್ಗುತ್ತದೆ. ರಾಯರು ಮುಚ್ಚುತ್ತಾರೆ; ಗದ್ದಲ ನಿಲ್ಲುತ್ತದೆ. ಅಂಗೈಯಿಂದ ಚೌಕಟ್ಟನ್ನು ದೂಡಿ ನೋಡುತ್ತಾರೆ, ಅಲುಗುವುದಿಲ್ಲ. ಮತ್ತೆ ತೆರೆಯುತ್ತಾರೆ. ಮೂರನೆಯ ಸಲ ತೆರೆದವರು ಮುಚ್ಚುವುದನ್ನು ಮರೆತು ಅಲ್ಲೇ ನಿಲ್ಲುತ್ತಾರೆ.

“ಮುಚ್ಚಬೇಕ್ರಿ ಕಾಕಾರ. ಅಂದ್ರ ಲೆಕ್ಕ ಮುಗೀತೈತಿ,” ಎನ್ನುತ್ತಾರೆ ಶಿವದೇವಿ.

“ಇರಲಿ ತಂಗಿ. ಗಾಳಿ ಬರಾಕತ್ತೈತಿ.”

ಕೈ ಎತ್ತಿ ಮತ ಹೇಳಿದ ಹದಿನಾಲ್ಕು ಮನೆಗಳಲ್ಲಿ ಹನ್ನೊಂದು ಹಳೆಯ ಕಿಟಕಿಯ ಕಡೆ ನಿಲ್ಲುತ್ತವೆ. ಮೊದಲು ಎತ್ತಿದ್ದು ರಾಯರು, ಅದೂ ಬಲಗೈಯನ್ನು.

ಜನ ಚದುರಿದ ಮೇಲೆ ರಾಯರು ಕೇಳುತ್ತಾರೆ: “ನಿನಗ ಯಾವಾಗ ಗೊತ್ತಾತು?”

“ಸೋಮವಾರಾನ್ರಿ. ನೀರಿನ ತಂಬಿಗಿ ಎಡಗೈಲೆ ಕೊಟ್ರಿ. ನಮ್ಮ ಕಡೆ ಹಿರೇರು ಎಡಗೈಲೆ ನೀರು ಕೊಡಂಗಿಲ್ಲ. ಕೇಳೋದು ಸರಿಯಲ್ಲಂತ ಬಿಟ್ಟೆ. ಬಾಲ ಅರ್ಧ ಇಂಚು ಉದ್ದ ಮಾಡಿದೆ.”

“ಎಲ್ಲಾರ ಮುಂದ ಕೇಳಿದೆಲ್ಲ?”

“ಹೆಸರು ಹೇಳಲಿಲ್ಲರಿ ನಾ. ಕೈ ತಾನ ಬರಬೇಕಿತ್ತು.”

ರಾಯರು ಹಿಡಿಕೆಯನ್ನು ಮತ್ತೊಮ್ಮೆ ಅಂಗೈಯಿಂದ ತಿರುಗಿಸುತ್ತಾರೆ. ಬಳಿಕ ತಪಾಸಣೆ ವಿಭಾಗದ ಮುಖ್ಯಸ್ಥರ ಹಳೆಯ ದನಿಯಲ್ಲಿ ಆಜ್ಞೆ ಹೊರಡುತ್ತದೆ: “ಇನ್ನ ನೂರಾಹನ್ನೊಂದು ಉಳದಾವು. ಮಾಡಿದ್ದನ್ನೆಲ್ಲಾ ಹಚ್ಚೋಕಿಂತ ಮೊದಲ ನನ್ನ ಕಡೆ ತಗೊಂಬಾ. ಈ ಬಿಲ್ಡಿಂಗಿನ್ಯಾಗ ಇದಕ್ಕಿಂತ ಸೋತ ಕೈ ಇಲ್ಲ. ನಾ ಪಾಸ್ ಮಾಡಿದ್ರಷ್ಟ ಮುಂದ.”

ಅದಾಗಿ ಒಂಬತ್ತು ವಾರ. ರಾಯರು ಹಜಾರದ ಗೋಡೆಗೆ ಉಕ್ಕಿನ ಪಟ್ಟಿಯೊಂದನ್ನು ಹೊಡೆಸಿದ್ದಾರೆ. ಹೊಸ ಹಿಡಿಕೆಗಳನ್ನು ಅದಕ್ಕೆ ಸಿಕ್ಕಿಸಿ, ಬಲಗೈಯಿಂದ ಮೂರು ಸಲ ತಿರುಗಿಸಿ ನೋಡುತ್ತಾರೆ. ಬೆಳಗ್ಗೆ ಒಂಬತ್ತಕ್ಕೆ ಇಸ್ತ್ರಿ ಜುಬ್ಬಾ ಹಾಕಿ ತಪಾಸಣೆಗೆ ಕೂರುತ್ತಾರೆಂದು ಭಾಗ್ಯಶ್ರೀ ನಗುತ್ತಾರೆ. ಆ ಕೈ ಈಗ ಜೇಬಿಗೆ ಹೋಗುವುದು ಅಪರೂಪ. ನಲವತ್ತೊಂದು ಹಿಡಿಕೆಗಳು ಪರೀಕ್ಷೆಗೆ ಬಂದಿವೆ. ಮೂವತ್ತೆಂಟು ಪಾಸಾಗಿ ಕಿಟಕಿ ಸೇರಿವೆ. ಬಾಲಾನಗರದಲ್ಲಿ ಹುಸೇನಪ್ಪ ವಾರಕ್ಕೊಂದು ದಿನ ಶಿವದೇವಿಗೆಂದೇ ಹಿತ್ತಾಳೆ ಕರಗಿಸುವ ಒಲೆ ಹಚ್ಚುತ್ತಾರೆ.

ಇನ್ನುಳಿದ ಮೂರು? ಲಿಂಗಂಪಲ್ಲಿಯ ಓಣಿಯಲ್ಲಿ, ಮುಂಜಾವಿನ ಐದೂಕಾಲಿಗೆ, ಅವುಗಳಲ್ಲೊಂದು ವೈಸಿನ ದವಡೆಯಲ್ಲಿದೆ. ಶಿವದೇವಿ ಅರ ಎಳೆದು, ಊದಿ, ಹೆಬ್ಬೆರಳಿನಿಂದ ಸವರಿ ನೋಡುತ್ತಾರೆ.

“ಮೂರು ವಾಪಸ್ ಮಾಡ್ಯಾರ್ರಿ ರಾಯರು,” ಎನ್ನುವಾಗ ಅವರ ಮುಖ ಅರಳುತ್ತದೆ. “ನಾನೂ ಮನಿಗಿ ತಂದು ಕಿರಬೆರಳೀಲೆ ತಿರುವಿ ನೋಡಿದೆ. ಮೂರೂ ಖರೇನ ಬಿಗಿ ಇದ್ದವು.”